ಕೋಡಂಗಿಯ ಚೀಟಿ

ಕಳೆದ ತಿಂಗಳು ಪದಕೋಶದ ಕಚೇರಿಯಿಂದ ಮೂವರು ಹೊಸಬರು ಸುಂಟಿಕೊಪ್ಪದ ನನ್ನ ಮನೆಗೆ ಬಂದಿದ್ದರು. ಕೆಲಸಕ್ಕೆ ಸೇರಿ ಎರಡು ವಾರವಾಗಿತ್ತಂತೆ. ನಿಮ್ಮ ಅನುಭವ ಹೇಳಿ ಮೇಡಂ, ನಮಗೆ ಅನುಕೂಲ ಆಗುತ್ತೆ ಅಂದರು. ಇವರನ್ನು ಯಾರು ಕಳಿಸಿದರು, ಯಾಕೆ ಕಳಿಸಿದರು ಎಂದು ನನಗೆ ಮೊದಲು ಅನುಮಾನ ಬಂತು. ಮೂವರನ್ನೂ ಬೇರೆ ಬೇರೆಯಾಗಿ ಕೇಳಿದೆ. ಮೂವರೂ ಒಂದೇ ಉತ್ತರ ಕೊಟ್ಟರು, ಅದರಿಂದ ಅನುಮಾನ ಇನ್ನೂ ಹೆಚ್ಚಾಯಿತು. ಕೊನೆಗೆ ಕಾಫಿ ಕುಡಿಸಿ, ಬರೆದು ಕೊಡುತ್ತೇನೆ ಹೋಗಿ ಎಂದೆ. ಬಾಯಲ್ಲಿ ಹೇಳಿದರೆ ಇವರು ಏನು ಬರೆದುಕೊಳ್ಳುತ್ತಾರೋ ಯಾರಿಗೆ ಗೊತ್ತು. ಅದೇ ಕೆಲಸದಲ್ಲಿ ಇದ್ದವಳು ನಾನು.

ನನ್ನ ಹೆಸರು ಗಂಗಮ್ಮ. ಶನಿವಾರಸಂತೆ ಕಡೆಯ ಅಂಗಡಿ ಮನೆತನದವಳು. ಕಚೇರಿಯಲ್ಲಿ ನನ್ನ ಬೆನ್ನ ಹಿಂದೆ 'ಅನುಮಾನದ ಗಂಗಮ್ಮ' ಎನ್ನುತ್ತಿದ್ದರು, ಮುಂದೆ 'ಮೇಡಂ' ಎನ್ನುತ್ತಿದ್ದರು. ಹುದ್ದೆಯ ಹೆಸರು ಕ್ಷೇತ್ರ ಸಹಾಯಕಿ. ಊರೂರು ತಿರುಗಿ ಜನರ ಬಾಯಲ್ಲಿರುವ ಪದಗಳನ್ನು, ಹೆಸರುಗಳನ್ನು ಕೇಳಿ, ಅಂಗೈ ಅಗಲದ ಚೀಟಿಯಲ್ಲಿ ಬರೆದು ತರುವುದು ಕೆಲಸ. ಚೀಟಿಯಲ್ಲಿ ಆರು ಕಾಲಂ. ಪದ, ಅರ್ಥ, ಹೆಸರಿನ ಮೂಲ, ಹೇಳಿದವರು, ಊರು, ಬರೆದುಕೊಂಡವರು. ಬಡ್ತಿಯ ವಿಷಯ ಇಲ್ಲಿ ಬರೆಯುವುದಿಲ್ಲ. ಅದರಿಂದ ನೀವು ಕಲಿಯುವುದು ಏನೂ ಇಲ್ಲ.

ಹೊರಗಿನವರು ಇದನ್ನು ಪುಣ್ಯದ ಕೆಲಸ ಅಂದುಕೊಳ್ಳುತ್ತಾರೆ. ಅಜ್ಜ ಅಜ್ಜಿಯರು ಜಗುಲಿಯಲ್ಲಿ ಕೂತು ಹೇಳುತ್ತಾರೆ, ನಾವು ಬರೆದುಕೊಳ್ಳುತ್ತೇವೆ, ಭಾಷೆ ಉಳಿಯುತ್ತದೆ ಅಂತ. ನಿಜವಾಗಿ ಇದು ಪೊಲೀಸರ ಕೆಲಸಕ್ಕೆ ಹತ್ತಿರ. ವ್ಯತ್ಯಾಸ ಇಷ್ಟೇ, ಪೊಲೀಸರಿಗೆ ಜನ ಹೆದರಿ ಸುಳ್ಳು ಹೇಳುತ್ತಾರೆ, ನಮಗೆ ಪ್ರೀತಿಯಿಂದ ಹೇಳುತ್ತಾರೆ. ಪ್ರೀತಿಯ ಸುಳ್ಳನ್ನು ಹಿಡಿಯುವುದು ಬಹಳ ಕಷ್ಟ.

ಶ್ರೀಮಂಗಲದ ಒಂದು ಎಸ್ಟೇಟಿನಲ್ಲಿ ಪೂಣಚ್ಚ ಎಂಬ ರೈಟರ್ ಇದ್ದರು, ಕೂಲಿಯವರ ಲೆಕ್ಕ ಬರೆಯುವವರು. ತೋಟದ ಒಂದೊಂದು ಭಾಗಕ್ಕೂ ಒಂದೊಂದು ಹೆಸರು, ಒಂದೊಂದು ಹೆಸರಿಗೂ ಅವರ ಹತ್ತಿರ ಒಂದು ಕಥೆ. ಒಂದು ಮೂಲೆಗೆ ಆ ಹೆಸರು ಬಂದದ್ದು ಅಲ್ಲಿ ರಾಜ ಮಲಗಿ ನಿದ್ದೆ ಮಾಡಿದ್ದರಿಂದ ಎಂದರು. ನಾನು ಬರೆದುಕೊಂಡೆ. ಮೂರು ತಿಂಗಳು ಬಿಟ್ಟು ಹೋಗಿ ಅದೇ ಪ್ರಶ್ನೆ ಕೇಳಿದೆ. ಈ ಸಲ ಅಲ್ಲಿ ಮಲಗಿದ್ದು ಬಿಳಿ ದೊರೆಯ ನಾಯಿ. ಹೋದ ಸಲದ ಚೀಟಿ ತೆಗೆದು ಅವರ ಮುಂದೆ ಇಟ್ಟೆ. ಪೂಣಚ್ಚ ಕಿಂಚಿತ್ತೂ ಅಳುಕಲಿಲ್ಲ. ನೀವು ಅಷ್ಟು ದೂರದಿಂದ ಬಸ್ಸಲ್ಲಿ ನೇತಾಡಿಕೊಂಡು ಬರ್ತೀರ, ಗೊತ್ತಿಲ್ಲ ಅಂತ ಬರಿಗೈಲಿ ಕಳಿಸೋದು ಹೇಗೆ ಎಂದು ನನ್ನನ್ನೇ ಕೇಳಿದರು. ಅವತ್ತಿನಿಂದ ಯಾವ ಪ್ರಶ್ನೆಯನ್ನೂ ಬೇರೆ ಬೇರೆ ತಿಂಗಳಲ್ಲಿ ಎರಡು ಸಲ ಕೇಳದೆ ನಾನು ಚೀಟಿ ಒಪ್ಪಿಸಲಿಲ್ಲ. ಒಂದು ಚೀಟಿ ಬಿಟ್ಟು. ಆ ಒಂದರ ವಿಷಯಕ್ಕೆ ಬರುತ್ತೇನೆ.

ಅನುಮಾನ ಅತಿಯಾಗಿ ಕೆಟ್ಟದ್ದೂ ಉಂಟು. ವಿರಾಜಪೇಟೆಯಲ್ಲಿ ಒಬ್ಬ ಮೆಣಸಿನ ವ್ಯಾಪಾರಿ ಪೇಟೆಯ ಒಂದು ತಿರುವಿನ ಹೆಸರಿನ ಹಿಂದೆ ಯಾರೋ ಚಪ್ಪಲಿ ಹೊಲಿಯುವವನ ಕಥೆ ಹೇಳಿದ. ಹೇಳುವಾಗ ನಗುತ್ತಿದ್ದ, ಹಾಗಾಗಿ ನಾನು ಸುಳ್ಳೆಂದು ಅವನ ಎದುರಿಗೇ ಚೀಟಿ ಹರಿದು ಹಾಕಿದೆ. ಆರು ವರ್ಷದ ಮೇಲೆ ಅದೇ ಕಥೆ ಅದೇ ಹೆಸರಿನ ಸಮೇತ ಒಬ್ಬರ ಮನೆಯ ಹಳೆಯ ಪತ್ರದಲ್ಲಿ ಸಿಕ್ಕಿತು. ಕ್ಷಮೆ ಕೇಳಲು ಹೋದೆ. ಅವನು ಕ್ಷಮಿಸಿದ, ಆದರೆ ಮರೆಯಲಿಲ್ಲ. ಈಗಲೂ ಅವನ ಅಂಗಡಿಗೆ ಹೋದರೆ, ಇದು ಮೆಣಸೇ ಮೇಡಂ, ಅನುಮಾನ ಇದ್ದರೆ ಒಂದು ಜಗಿದು ನೋಡಿ ಎನ್ನುತ್ತಾನೆ. ನಾನು ಜಗಿದೇ ನೋಡುತ್ತೇನೆ.

ಇನ್ನು ಮೇಲಧಿಕಾರಿಗಳು. ನಮ್ಮ ಸಂಪಾದಕರು ರಾಮಶೇಷಯ್ಯನವರು. ವಿದ್ವಾಂಸರು, ಒಳ್ಳೆಯವರು, ಕ್ಷೇತ್ರಕ್ಕೆ ಒಂದು ದಿನವೂ ಕಾಲಿಟ್ಟವರಲ್ಲ. ಅವರಿಗೆ ಖಾಲಿ ಕಾಲಂ ಕಂಡರೆ ಆಗುತ್ತಿರಲಿಲ್ಲ. ಖಾಲಿ ಕಾಲಂ ಎಂದರೆ ಕೆಲಸಗಳ್ಳತನ ಎಂದು ಅವರ ನಂಬಿಕೆ. ಹೆಸರಿನ ಮೂಲದ ಜಾಗ ಖಾಲಿ ಬಿಟ್ಟ ಚೀಟಿಯನ್ನು ಮೇಜಿನ ಮೇಲೆ ನನ್ನ ಕಡೆಗೆ ಬೆರಳಲ್ಲಿ ತಳ್ಳಿ, "ಬಸ್ಸಿನಲ್ಲಿ ಮಲಗಿದ್ದಿರೋ?" ಎಂದು ಕೇಳುತ್ತಿದ್ದರು. ಗೊತ್ತಿಲ್ಲ ಎಂಬುದೂ ಒಂದು ಉತ್ತರ ಎಂದು ಒಮ್ಮೆ ವಾದಿಸಿದೆ. ಪದಕೋಶವನ್ನು ಜನ ಕೊಳ್ಳುವುದು ಗೊತ್ತಿಲ್ಲದ್ದನ್ನು ತಿಳಿಯಲು, ಅದರಲ್ಲೂ ಗೊತ್ತಿಲ್ಲ ಎಂದಿದ್ದರೆ ಹೇಗೆ ಎಂದರು. ನಾನು ಚೀಟಿ ಎತ್ತಿಕೊಂಡು ಮತ್ತೆ ಬಸ್ಸು ಹತ್ತಿದೆ.

ನಾನು ಸೇರಿದ ಎರಡನೇ ವರ್ಷ ಕ ಅಕ್ಷರದ ಸಂಪುಟ ಅಚ್ಚಿಗೆ ಹೋಗುವುದಿತ್ತು. ಆಗ ಉಳಿದುಕೊಂಡ ಪದಗಳಲ್ಲಿ ಒಂದು ಕೋಡಂಗಿ. ಬಯಲಾಟದಲ್ಲಿ ದೇವರ ಸ್ತುತಿ ಮುಗಿದ ಮೇಲೆ, ರಾಜ ಮಂತ್ರಿ ಬರುವ ಮೊದಲು, ರಂಗಕ್ಕೆ ನುಗ್ಗಿ ಭಾಗವತರ ಜೊತೆ ಮಾತಿಗೆ ಮಾತು ಬೆಳೆಸಿ ನಗಿಸುವ ವೇಷ ಅದು. ಅರ್ಥ ಸುಲಭ. ಮೂಲವೇ ತೊಡಕು. ವಿರಾಜಪೇಟೆಯ ನಿವೃತ್ತ ಮೇಷ್ಟ್ರೊಬ್ಬರು, ಕೋಡಗ ಎಂದರೆ ಮಂಗ, ಮಂಗನ ಹಾಗೆ ಕುಣಿಯುವವನು ಕೋಡಂಗಿ, ಇದರಲ್ಲಿ ಕೇಳುವುದೇನಿದೆ ಎಂದರು. ಎಷ್ಟು ಬೇಗ ಹೇಳಿದರೆಂದರೆ ನನಗೆ ಅನುಮಾನ ಬಂತು. ಸುಂಟಿಕೊಪ್ಪದ ಎಸ್ಟೇಟ್ ಲೈನಿನಲ್ಲಿ, ಕೂಲಿಯವರ ಸಾಲುಮನೆಯಲ್ಲಿದ್ದ ಮಾರಿಯಮ್ಮ ಎಂಬ ತಮಿಳು ಹೆಂಗಸು ಬೇರೆಯೇ ಹೇಳಿದಳು. ಅವರ ಕಡೆ ಕೋಡಂಗಿ ಎಂದರೆ ಉಡುಕೆ ಎಂಬ ಪುಟ್ಟ ಡಮರು ಬಾರಿಸಿಕೊಂಡು ಮನೆಯ ಕಷ್ಟಕ್ಕೆ ಕಾರಣ ಹೇಳುವವನು. "ಅವನನ್ನ ನೋಡಿ ಯಾರಮ್ಮಾ ನಗ್ತಾರೆ? ನಾವೆಲ್ಲ ಅಳೋದು" ಎಂದಳು. ಒಬ್ಬರಿಗೆ ಮಂಗ, ಇನ್ನೊಬ್ಬರಿಗೆ ಕಣಿ ಹೇಳುವವನು. ರಾಮಶೇಷಯ್ಯನವರು ಎರಡನ್ನೂ ಒಪ್ಪಲಿಲ್ಲ. ವೇಷ ಹಾಕುವವನನ್ನೇ ಕೇಳಿ ಬನ್ನಿ, ಶುಕ್ರವಾರ ಸಂಪುಟ ಅಚ್ಚಿಗೆ ಎಂದರು.

ಕುಶಾಲನಗರದ ಆಚೆ, ಹಾಸನದ ಕಡೆಯಿಂದ ಬಂದು ನೆಲೆಸಿದ ಒಕ್ಕಲುಗಳ ಊರೊಂದರಲ್ಲಿ ಮಲ್ಲಯ್ಯನವರಿದ್ದರು. ತಂದೆಯ ಕಾಲದಿಂದ ಅವರ ಮನೆಯವರದೇ ಕೋಡಂಗಿ ವೇಷ. ಅವರಿಗಾಗ ನಲವತ್ತರ ಆಚೆ ಈಚೆ. ಕಚೇರಿಗೆ ಆಗ ತಾನೇ ಬಂದಿದ್ದ ಟೇಪ್ ರೆಕಾರ್ಡರನ್ನು ಹೊತ್ತುಕೊಂಡು ಹೋದೆ. ಆ ದಿನದ್ದು ನನಗೆ ನೆನಪಿದ್ದದ್ದು ಇಷ್ಟು. ಬೆಲ್ಲದ ಕಾಫಿ, ಜಗುಲಿಯ ಮೇಲೆ ಹಾಸಿದ ಹೊಸ ಚಾಪೆ, ನಾಲ್ಕೂವರೆಯ ಬಸ್ಸು ತಪ್ಪೀತು ಎಂಬ ದಿಗಿಲು. ಕಾಲಂ ತುಂಬಿತು, ಶುಕ್ರವಾರ ಸಂಪುಟ ಅಚ್ಚಿಗೆ ಹೋಯಿತು. ಎರಡನೇ ಸಲ ಕೇಳಲು ಸಮಯವಿರಲಿಲ್ಲ. ಆಮೇಲೆ ಬರೆದ ಸಾವಿರಾರು ಚೀಟಿಗಳ ಅಡಿಯಲ್ಲಿ ಅದೊಂದು ಸೇರಿಹೋಯಿತು. ಏನು ಬರೆದಿದ್ದೆ ಎಂಬುದೂ ನನಗೆ ಮರೆತುಹೋಗಿತ್ತು.

ಆಮೇಲೆ ಕೆಲಸದ ರೀತಿಯೇ ಬದಲಾಯಿತು. ಚೀಟಿ ಹೋಗಿ ಕಂಪ್ಯೂಟರ್ ಬಂತು, ಕ್ಯಾಸೆಟ್ ಹೋಗಿ ಫೋನು ಬಂತು. ಈಗ ನೀವು ಊರಿಗೂ ಹೋಗಬೇಕಿಲ್ಲ, ಕಚೇರಿಯಲ್ಲಿ ಕೂತು ವಾಟ್ಸಾಪಿನಲ್ಲಿ ಕೇಳಿದರೆ ಹತ್ತು ಜನ ಹತ್ತು ಮೂಲ ಕಳಿಸುತ್ತಾರೆ. ಅದರಲ್ಲಿ ಒಂಬತ್ತು ನಮ್ಮದೇ ಪದಕೋಶದಿಂದ ಎತ್ತಿದ್ದು. ನಾವು ಬರೆದದ್ದೇ ಊರು ಸುತ್ತಿಕೊಂಡು, ಯಾರದೋ ಅಜ್ಜಿ ಹೇಳಿದ್ದು ಅಂತ ವೇಷ ಹಾಕಿಕೊಂಡು ವಾಪಸ್ ಬರುತ್ತದೆ. ಇದನ್ನು ಕಂಡುಹಿಡಿದಾಗ ಕಚೇರಿಯಲ್ಲಿ ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನೇ.

ನಿವೃತ್ತಿಯಾಗಿ ಮೂರು ವರ್ಷ ಕಳೆದ ಮೇಲೆ, ಒಂದು ದಿನ ಲೋಕೇಶ ಎಂಬುವನು ಮನೆಗೆ ಬಂದ. ಸುಂಟಿಕೊಪ್ಪದಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾನೆ, ನಲವತ್ತು ವರ್ಷದ ಗಂಡಸು. ಮಲ್ಲಯ್ಯನವರ ತಮ್ಮನ ಮಗ, ಈಗ ಅವರ ಊರಿನ ಬಯಲಾಟ ಮೇಳಕ್ಕೆ ಅವನೇ ಭಾಗವತ. ಆಟ ಈಗ ರಾತ್ರಿಯಿಡೀ ಇಲ್ಲ, ಸಂಜೆ ಆರಕ್ಕೆ ಶುರುವಾಗಿ ಒಂಬತ್ತಕ್ಕೆ ಮುಗಿಯುತ್ತದಂತೆ. ನೀವು ಬಂದು ನೋಡಬೇಕು ಮೇಡಂ ಎಂದು ಕರೆಯಲು ಬಂದಿದ್ದ. ಫೋನಿನಲ್ಲಿ ಫೋಟೋ ತೋರಿಸಿದ. ಕೋಡಂಗಿ ವೇಷದವನ ಅಂಗಿಯ ಎರಡು ಭುಜದ ಮೇಲೂ ಮೊಳದುದ್ದದ ಕೊಂಬು, ಸ್ಪಂಜಿನಲ್ಲಿ ಮಾಡಿ ಕೆಂಪು ಬಟ್ಟೆ ಸುತ್ತಿದ್ದು.

ಇದೇನಪ್ಪ ಎಂದೆ. "ಕೋಡಿರೋ ಅಂಗಿ ಮೇಡಂ, ಅದಕ್ಕೇ ಕೋಡಂಗಿ. ನಮ್ಮ ಹಿರಿಯರ ಕಾಲದಿಂದ ಬಂದಿರೋದು" ಎಂದ. ನನ್ನ ಮೈಯೆಲ್ಲ ಕಿವಿಯಾಯಿತು. ಇಷ್ಟು ಚೊಕ್ಕವಾದ ಮೂಲ ಕಂಡಲ್ಲೆಲ್ಲ ನನಗೆ ಸುಳ್ಳಿನ ವಾಸನೆ ಬರುತ್ತದೆ. ಹಿರಿಯರ ಕಾಲದಲ್ಲಿ ಸ್ಪಂಜು ಎಲ್ಲಿತ್ತು ಎಂದು ಕೇಳಿದೆ. ಅವನು ಪೆಚ್ಚಾದ. ಈ ಗಿರಾಕಿ ಹೋಂಸ್ಟೇ ಪ್ರವಾಸಿಗರಿಗೆ ತೋರಿಸಲು ಇದನ್ನು ಹುಟ್ಟಿಸಿದ್ದಾನೆ ಎಂದು ಅಲ್ಲೇ ತೀರ್ಮಾನಿಸಿದೆ. ನಿಮ್ಮ ದೊಡ್ಡಪ್ಪ ಏನಂತಾರೆ ಎಂದರೆ, ದೊಡ್ಡಪ್ಪ ವೇಷ ಬಿಟ್ಟು ಒಂಬತ್ತು ವರ್ಷ ಆಯಿತು, ಯಾರ ಹತ್ತಿರವೂ ಆಟದ ಮಾತೇ ಆಡುವುದಿಲ್ಲ ಎಂದ. ಇವನ ಬಂಡವಾಳ ಬಯಲು ಮಾಡಬೇಕೆಂದು ಮಾರನೇ ದಿನವೇ ಬಸ್ಸು ಹತ್ತಿದೆ.

ಮಲ್ಲಯ್ಯನವರು ಅದೇ ಜಗುಲಿಯಲ್ಲಿ ಕೂತು ಶುಂಠಿಯ ಮಣ್ಣು ಉದುರಿಸುತ್ತಿದ್ದರು. ಎಪ್ಪತ್ತು ದಾಟಿದೆ, ಕಣ್ಣು ಮಾತ್ರ ಚುರುಕು. ನನ್ನನ್ನು ನೋಡಿದ ಕೂಡಲೇ ಗುರುತು ಹಿಡಿದರು. ಹಿಡಿದ ಮೇಲೆ ಮುಖ ತಿರುಗಿಸಿ ಮತ್ತೆ ಶುಂಠಿಗೆ ಕೈ ಹಾಕಿದರು. ಸೊಸೆ ಜಯಮ್ಮ ಕಾಫಿ ತಂದು ನೆಲದ ಮೇಲೆ ಇಟ್ಟಳು, ಕುಡಿಯಿರಿ ಅನ್ನಲಿಲ್ಲ. ಈ ಮನೆಯವರು ಏನೋ ಮುಚ್ಚಿಡುತ್ತಿದ್ದಾರೆ ಎಂದುಕೊಂಡೆ. ಲೋಕೇಶನ ಕೊಂಬಿನ ವಿಷಯ ಎತ್ತಿದೆ. ಹೀಗೆ ಕಟ್ಟುಕತೆ ಹುಟ್ಟಿಸುತ್ತಾನಲ್ಲ, ನೀವು ಕೇಳುವುದಿಲ್ಲವೇ ಎಂದೆ.

"ಅವ್ನ್ಯಾಕೆ ಹುಟ್ಟಿಸ್ತಾನೆ?" ಎಂದರು ಮಲ್ಲಯ್ಯ. "ನಾನೇ ಯೋಳಿದ್ದಂತೆ. ನಿಮ್ಮ ಪುಸ್ತಕದಾಗೆ ಐತಲ್ಲ."

ಜಯಮ್ಮ ಒಳಗಿನಿಂದ ಪದಕೋಶದ ಆ ಸಂಪುಟ ತಂದಳು. ಊರಿನ ಶಾಲೆಗೆ ಬಂದ ಪ್ರತಿ, ರಟ್ಟು ಕಿತ್ತಿತ್ತು. ಕೋಡಂಗಿ, ಕೋಡುಗಳಿರುವ ಅಂಗಿಯನ್ನು ತೊಡುವವನು, ಅದರಿಂದ ಈ ಹೆಸರು, ಹೇಳಿದವರು ಮಲ್ಲಯ್ಯ. ಬರೆದುಕೊಂಡವರ ಹೆಸರು ಅಚ್ಚಿನಲ್ಲಿ ಹಾಕುವ ಪದ್ಧತಿ ನಮ್ಮಲ್ಲಿ ಇರಲಿಲ್ಲ.

ಉಳಿದದ್ದನ್ನು ಹೇಳಿದವಳು ಜಯಮ್ಮ. ಆಟದಲ್ಲಿ ಕೋಡಂಗಿ ಬಂದ ಕೂಡಲೇ ಭಾಗವತರು ಹೆಸರು ಕೇಳುತ್ತಾರೆ. ಕೋಡಂಗಿ ಎನ್ನುತ್ತಾನೆ. ಹಾಗೆಂದರೇನು ಎಂದು ಕೇಳುತ್ತಾರೆ. ಆಗ ಅವನು ಮುಂದೆ ಕೂತ ಜನರ ಮುಖಗಳನ್ನೆಲ್ಲ ಒಂದು ಸುತ್ತು ನೋಡಿ, ಆ ಊರಿಗೆ, ಆ ಹೊತ್ತಿಗೆ ತಕ್ಕ ಒಂದು ಹೊಸ ಅರ್ಥ ಕಟ್ಟಿ ಹೇಳಬೇಕು. ಒಂದು ಊರಲ್ಲಿ ಹೇಳಿದ್ದನ್ನು ಅದೇ ಊರಲ್ಲಿ ಇನ್ನೊಮ್ಮೆ ಹೇಳುವಂತಿಲ್ಲ. ರಸ್ತೆ ಅಗೆದು ಮುಚ್ಚದೆ ಬಿಟ್ಟ ಊರಲ್ಲಿ, ಅಗೆದು ಮರೆತವನಿಗೆ ಕೋಡಂಗಿ ಅಂತಾರೆ ಎಂದು ಮಲ್ಲಯ್ಯ ಹೇಳಿದ್ದರಂತೆ. ಎಸ್ಟೇಟ್ ಲೈನಿನ ಮುಂದೆ ಆಟವಾದಾಗ, ಕಾಫಿ ಕೊಯ್ಯುವ ಪಿಕ್ಕಿಂಗ್ ಹೊತ್ತಿನಲ್ಲಿ ನೆರಳಲ್ಲಿ ನಿಂತು ಬೇಗ ಬೇಗ ಅನ್ನುವವನೇ ಕೋಡಂಗಿ ಎಂದಿದ್ದರಂತೆ. ಜನ ಆ ಒಂದು ಉತ್ತರ ಕೇಳಲು ಮೈಲಿಗಟ್ಟಲೆ ನಡೆದು ಬರುತ್ತಿದ್ದರು. ಅರ್ಥ ಇದೇ ಎಂದು ಒಂದು ಸಲ ಹೇಳಿಬಿಟ್ಟರೆ ಕೋಡಂಗಿಗೆ ಅಲ್ಲಿಗೆ ಕೆಲಸ ಮುಗಿಯಿತು ಎಂದು ಮಲ್ಲಯ್ಯನ ತಂದೆ ಕಲಿಸಿದ್ದರು. ಅದಕ್ಕೇ ರಂಗದ ಹೊರಗೆ ಆ ಹೆಸರಿನ ಮಾತೇ ಎತ್ತಬಾರದೆಂದು ಅವರ ಮನೆಯ ಕಟ್ಟುಪಾಡು.

ಒಂಬತ್ತು ವರ್ಷದ ಹಿಂದೆ ಊರ ಶಾಲೆಯ ಮುಂದೆ ಆಟ. ಮಲ್ಲಯ್ಯ ಎಂದಿನಂತೆ ಏನೋ ಒಂದು ಅರ್ಥ ಹೇಳಿದರು. ಮುಂದಿನ ಸಾಲಿನಲ್ಲಿದ್ದ ಶಾಲೆಯ ಮೇಷ್ಟ್ರು ಎದ್ದು ನಿಂತರು. ಕೈಯಲ್ಲಿ ಇದೇ ಪುಸ್ತಕ. ಬಹಳ ಗೌರವದಿಂದಲೇ ಹೇಳಿದರಂತೆ, ಮಲ್ಲಯ್ಯನವರೇ, ನಿಜವಾದ ಅರ್ಥ ನೀವೇ ಇದರಲ್ಲಿ ಹೇಳಿದ್ದೀರಿ, ನಿಮ್ಮ ಹೆಸರೇ ಇದೆ, ಮಕ್ಕಳ ಮುಂದೆ ತಪ್ಪು ಹೇಳಬೇಡಿ ಅಂತ. ಅಚ್ಚಾದದ್ದನ್ನು ಓದಿಯೂ ಹೇಳಿದರು. ಯಾರೂ ನಗಲಿಲ್ಲ. ಭಾಗವತರು ಇನ್ನೊಮ್ಮೆ ಪ್ರಶ್ನೆ ಹಾಕಿದರು. ಮಲ್ಲಯ್ಯ ಉತ್ತರವಿಲ್ಲದೆ ನಿಂತರು, ಒಳಗೆ ಹೋದರು, ಅಂಗಿ ಕಳಚಿದರು, ಮತ್ತೆ ಹಾಕಲಿಲ್ಲ. ಮೇಳದವರು ಪುಸ್ತಕದಲ್ಲಿ ಇರುವ ಹಾಗೆ ಕೊಂಬು ಹೊಲಿಸಿಕೊಂಡರು. ಈಗ ಯಾವ ಊರಿಗೆ ಹೋದರೂ ಅದೇ ಒಂದು ಉತ್ತರ. ಆ ಭಾಗ ಬಂದಾಗ ಜನ ಎದ್ದು ಕಡಲೆಕಾಯಿ ತರಲು ಹೋಗುತ್ತಾರೆ ಎಂದಳು ಜಯಮ್ಮ.

"ನಾ ಯಾವಾಗ ಯೋಳಿದ್ನೋ ಗ್ಯಾನ ಇಲ್ಲ" ಎಂದರು ಮಲ್ಲಯ್ಯ, ಶುಂಠಿಯಿಂದ ತಲೆ ಎತ್ತದೆ. "ಅಚ್ಚಾಗೈತೆ ಅಂದ್ಮೇಲೆ ಯೋಳಿರ್ಲೇಬೇಕು. ಅಪ್ಪ ಕೊಟ್ಟಿದ್ದನ್ನ ಒಂದು ಲೋಟ ಕಾಫಿ ಮುಂದೆ ಕೂತು ಬಿಟ್ಕೊಟ್ಬಿಟ್ಟೆ."

ಅಲ್ಲಿಯವರೆಗೂ ನನಗೆ ನನ್ನ ಮೇಲೆ ಅನುಮಾನ ಬಂದಿರಲಿಲ್ಲ, ನೋಡಿ. ಬಸ್ಸಿನಲ್ಲಿ ವಾಪಸ್ ಬರುವಾಗ ಎಲ್ಲರನ್ನೂ ಒಂದೊಂದಾಗಿ ಹಿಡಿದು ವಿಚಾರಿಸಿದೆ. ಬೆರಳಚ್ಚಿನ ವನಜಾಕ್ಷಿ ಬೇರೆ ಯಾರದೋ ಚೀಟಿ ಸೇರಿಸಿರಬೇಕು. ಅವಳು ಮಾತಾಡುತ್ತಾ ಟೈಪು ಮಾಡುವ ಹೆಂಗಸು. ಇಲ್ಲದಿದ್ದರೆ ರಾಮಶೇಷಯ್ಯನವರೇ ತಿದ್ದಿರಬೇಕು. ಅಥವಾ ಮಲ್ಲಯ್ಯನೇ ನಿಜವಾಗಿ ಹೇಳಿ ಈಗ ಪಶ್ಚಾತ್ತಾಪ ಪಡುತ್ತಿರಬೇಕು, ಪೂಣಚ್ಚನ ಹಾಗೆ. ಈ ಮೂರನೆಯದೇ ನಿಜ ಎಂದು ಸುಂಟಿಕೊಪ್ಪ ಮುಟ್ಟುವ ಹೊತ್ತಿಗೆ ಬಹುಪಾಲು ಖಾತ್ರಿ ಮಾಡಿಕೊಂಡಿದ್ದೆ.

ನನ್ನ ಕ್ಯಾಸೆಟ್ಟುಗಳ ಒಂದು ಪ್ರತಿಯನ್ನು ನಾನು ಯಾವಾಗಲೂ ಮನೆಯಲ್ಲಿ ಇಟ್ಟುಕೊಳ್ಳುತ್ತಿದ್ದೆ, ಕಚೇರಿಯ ಮೇಲೆ ನಂಬಿಕೆ ಇಲ್ಲದೆ. ಬಿಸ್ಕೆಟ್ ಡಬ್ಬಿಯಲ್ಲಿ ಮಲ್ಲಯ್ಯನವರದ್ದು ಸಿಕ್ಕಿತು. ಹಳೆಯ ಪ್ಲೇಯರ್ ಓಡುತ್ತಿರಲಿಲ್ಲ. ರಿಪೇರಿಗೆ ಕೊಟ್ಟದ್ದು ಬೇರೆ ಯಾರಿಗೂ ಅಲ್ಲ, ಅದೇ ಲೋಕೇಶನ ಅಂಗಡಿಗೆ. ಕ್ಯಾಸೆಟ್ ಅವನ ಕೈಗೆ ಕೊಡದೆ ನನ್ನ ಚೀಲದಲ್ಲೇ ಇಟ್ಟುಕೊಂಡಿದ್ದೆ. ಮಾರನೇ ಮಧ್ಯಾಹ್ನ ಮನೆಯಲ್ಲಿ ಒಬ್ಬಳೇ ಕೂತು ಹಾಕಿದೆ.

ಕೋಳಿ ಕೂಗಿದ್ದು ಕೇಳಿಸಿತು, ಲೋಟದ ಸದ್ದು ಕೇಳಿಸಿತು. ಆಮೇಲೆ ನನ್ನದೇ ದನಿ, ಎಳೆಯದು, ಅವಸರದ್ದು. ಈ ಹೆಸರು ಹೇಗೆ ಬಂತು ಅಂತ ಕೇಳುತ್ತಿದ್ದೇನೆ. ಮಲ್ಲಯ್ಯ ಸ್ಪಷ್ಟವಾಗಿ ಹೇಳುತ್ತಾರೆ.

"ಅದನ್ನ ಇಲ್ಲಿ ಯೋಳಕ್ಕಾಗಲ್ಲ ಅಮ್ಮೋರೆ. ಆಟಕ್ಕೆ ಬನ್ನಿ."

ನಾನು ನಗುತ್ತೇನೆ. ಆ ನಗು ಟೇಪಿನಲ್ಲಿದೆ. ಆಟಕ್ಕೆ ಬರುವಷ್ಟು ಸಮಯ ಇಲ್ಲ, ಶುಕ್ರವಾರ ಕೊಡಬೇಕು ಎನ್ನುತ್ತೇನೆ. ಆಗ ನಾನೇ, ದಾರಿಯಲ್ಲಿ ಬಸ್ಸಿನಲ್ಲಿ ಹೊಳೆದದ್ದಿರಬೇಕು, ಮೊದಲೆಲ್ಲ ಕೋಡು ಇರುವ ಅಂಗಿ ಹಾಕುತ್ತಿದ್ದರೇನೋ, ಕೋಡು, ಅಂಗಿ, ಹಾಗೆ ಬಂದಿರಬಹುದಲ್ಲವೇ ಎಂದು ಕೇಳುತ್ತೇನೆ. ಬಹಳ ಹೊತ್ತು ಟೇಪು ಬರಿದೇ ಸುತ್ತುತ್ತದೆ. ಕೊನೆಗೆ ಅವರು, "ನೀವು ಓದಿದೋರು. ನೀವು ಅಂದ್ಮೇಲೆ ಇರ್ಬೋದು" ಎನ್ನುತ್ತಾರೆ. ಚೀಟಿಯ ಮೇಲೆ ಪೆನ್ನು ಗೀಚುವ ಸದ್ದು. ನಾಲ್ಕೂವರೆಯ ಬಸ್ಸು ಎಲ್ಲಿ ನಿಲ್ಲುತ್ತದೆ ಎಂದು ನಾನು ವಿಚಾರಿಸುತ್ತೇನೆ. ಅಲ್ಲಿಗೆ ಮುಗಿಯಿತು.

ನಾನು ಅವತ್ತು ಊಟ ಮಾಡಲಿಲ್ಲ. ನಾಚಿಕೆಯಾಯಿತು ಎಂದರೆ ಸಾಲದು. ಮೂವತ್ತು ವರ್ಷ ಎಲ್ಲರ ಬಾಯಿಯ ಮೇಲೂ ಕಾವಲು ಕೂತಿದ್ದೆ, ನನ್ನ ಬಾಯೊಂದನ್ನು ಬಿಟ್ಟು. ಎಸ್ಟೇಟ್ ರೈಟರನ್ನು ಹಿಡಿದೆ, ಪಾಪದ ಮೆಣಸಿನವನ ಚೀಟಿ ಹರಿದೆ, ಕೂತಲ್ಲೇ ವನಜಾಕ್ಷಿಯ ಮೇಲೆ ಕೇಸು ಹಾಕಿದೆ. ಮಲ್ಲಯ್ಯನವರು ಆಟಕ್ಕೆ ಬನ್ನಿ ಎಂದದ್ದು ತಪ್ಪಿಸಿಕೊಳ್ಳಲು ಅಲ್ಲ, ಅದೇ ಉತ್ತರ. ಹೊಸಬರೇ, ಇಲ್ಲಿ ಸ್ವಲ್ಪ ನಿಂತು ಓದಿ. ಉತ್ತರವನ್ನು ಜೇಬಿನಲ್ಲಿ ಇಟ್ಟುಕೊಂಡು ಹೋಗಿ ಪ್ರಶ್ನೆ ಕೇಳಬೇಡಿ. ಎದುರಿಗಿರುವವರು ಒಳ್ಳೆಯವರಾದರೆ ನಿಮ್ಮದನ್ನೇ ನಿಮಗೆ ವಾಪಸ್ ಕೊಡುತ್ತಾರೆ, ಅಡಿಯಲ್ಲಿ ಅವರ ಹೆಸರು ಬೀಳುತ್ತದೆ.

ಎರಡು ದಿನ ಬಿಟ್ಟು ಪ್ಲೇಯರ್ ಹಿಡಿದುಕೊಂಡು ಹೋದೆ. ಲೋಕೇಶನನ್ನೂ ಬರಹೇಳಿದ್ದೆ. ಜಗುಲಿಯ ಮೇಲೆ ಮಲ್ಲಯ್ಯ, ಜಯಮ್ಮ, ಲೋಕೇಶ, ನಾನು. ಏನೂ ಪೀಠಿಕೆ ಹಾಕದೆ ಗುಂಡಿ ಒತ್ತಿದೆ. ಟೇಪು ಮುಗಿಯಿತು. ಮಲ್ಲಯ್ಯ ಬೆರಳಲ್ಲಿ ಸನ್ನೆ ಮಾಡಿದರು, ಇನ್ನೊಂದು ಸಲ. ಹಿಂದಕ್ಕೆ ಸುತ್ತಿ ಹಾಕಿದೆ. ಆಟಕ್ಕೆ ಬನ್ನಿ ಎಂದಲ್ಲಿಗೆ ನಿಲ್ಲಿಸಲು ಹೇಳಿದರು. ಅಷ್ಟನ್ನೇ ಮೂರು ಸಲ ಕೇಳಿದರು. ಆಮೇಲೆ ಸೊಸೆಯ ಕಡೆ ತಿರುಗಿದರು.

"ನೋಡವ್ವ. ನಾ ಯೋಳಿಲ್ಲ."

ಜಯಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಒಂಬತ್ತು ವರ್ಷ ಆ ಮನೆಯಲ್ಲಿ ಈ ಒಂದು ಮಾತು ಯಾರಿಗೂ ಆಡಲಾಗಿರಲಿಲ್ಲ. ನಾನು ತಪ್ಪು ನನ್ನದು ಎಂದು ಕಾಗದದಲ್ಲಿ ಬರೆದು ಸಹಿ ಹಾಕಿ ತಂದಿದ್ದೆ. ಓದಿ ಹೇಳಿದೆ. ಒಂದು ಪ್ರತಿ ಶಾಲೆಯ ಪುಸ್ತಕದ ಆ ಪುಟಕ್ಕೆ ಅಂಟಿಸುತ್ತೇನೆ, ಒಂದು ಕಚೇರಿಗೆ ಎಂದೆ. ಲೋಕೇಶ ಕೊಂಬು ಕೀಳಿಸುತ್ತೇನೆ ದೊಡ್ಡಪ್ಪ, ಈ ಸಲ ನೀವೇ ಬನ್ನಿ ಎಂದ. ಮಲ್ಲಯ್ಯ ಅವನಿಗೆ ಹೂಂ ಅನ್ನಲೂ ಇಲ್ಲ, ಊಹೂಂ ಅನ್ನಲೂ ಇಲ್ಲ. ಮಂಡಿ ನೋವು, ಮಾತು ಮರೆತಿದೆ ಎಂದು ಏನೇನೋ ಹೇಳಿದರು. ಅವರಿಗೆ ಭಯ ಎಂದು ನನಗೆ ಅರ್ಥವಾಯಿತು. ರಂಗದಲ್ಲಿ ಒಮ್ಮೆ ಉತ್ತರವಿಲ್ಲದೆ ನಿಂತವರು ಅವರು. ನನ್ನನ್ನು ಕ್ಷಮಿಸಿದ್ದೇನೆ ಎಂದೂ ಅವರು ಹೇಳಲಿಲ್ಲ. ಹೊರಡುವಾಗ ಮಾತ್ರ ಅವತ್ತು ಮೊದಲ ಸಲ ನನ್ನ ಮುಖ ನೋಡಿದರು.

"ಆವತ್ತು ಕರ್ದಿದ್ದೆ. ನೀವು ಬರ್ನಿಲ್ಲ. ಈಗ ಬರ್ತೀರಾ?"

ಬರುತ್ತೇನೆ ಎಂದೆ. ಬಸ್ಸಿನಲ್ಲಿ ಕೂತ ಮೇಲೆ ಅನುಮಾನ ಶುರುವಾಯಿತು. ಊರೆಲ್ಲ ಸೇರಿಸಿ ನನ್ನ ಮರ್ಯಾದೆ ತೆಗೆಯಲೆಂದೇ ಕರೆದಿರಬೇಕು. ತೆಗೆದರೆ ತೆಗೆಯಲಿ ಎಂದು ಸಮಾಧಾನ ಮಾಡಿಕೊಂಡೆ, ಸಮಾಧಾನವಾಗಲಿಲ್ಲ. ಅದಕ್ಕಿಂತ ದೊಡ್ಡ ಹೆದರಿಕೆ ಅವರು ರಂಗಕ್ಕೆ ಬರದೇ ಹೋದರೆ ಎಂಬುದು.

ಆಟದ ದಿನ ಬಿಸಿಲು ಆರುವ ಮೊದಲೇ ಹೋಗಿ ಶಾಲೆಯ ಬಯಲಿನಲ್ಲಿ ಮುಂದಿನ ಸಾಲಿನಲ್ಲಿ ಕೂತೆ. ಪಕ್ಕದಲ್ಲೇ ಆ ಮೇಷ್ಟ್ರು. ನನ್ನ ಕಾಗದ ಓದಿದ್ದರು, ನನ್ನನ್ನು ಕಂಡು ಸ್ವಲ್ಪ ಆಚೆ ಸರಿದು ಕೂತರು. ಸ್ತುತಿ ಮುಗಿಯಿತು. ಪರದೆಯ ಹಿಂದೆ ಏನೋ ಗುಸುಗುಸು, ಯಾರೂ ಬರಲಿಲ್ಲ. ಮದ್ದಳೆಯವನು ಸುಮ್ಮನೆ ಬಾರಿಸುತ್ತಾ ಇದ್ದ. ಜನ ಕಡಲೆಕಾಯಿಗೆ ಏಳತೊಡಗಿದರು. ಅಷ್ಟರಲ್ಲಿ ಮಲ್ಲಯ್ಯ ಬಂದರು. ಕೊಂಬಿಲ್ಲ, ತೇಪೆ ಹಾಕಿದ ಹಳೆಯ ಅಂಗಿ, ಮಂಡಿ ಸ್ವಲ್ಪ ಕುಂಟು. ಎದ್ದವರು ಎದ್ದಲ್ಲೇ ನಿಂತರು.

ಲೋಕೇಶ ಹೆಸರು ಕೇಳಿದ. "ಕೋಡಂಗಿ ಅಂತಾರೆ ಭಾಗವತರೆ" ಎಂದರು. ಹಾಗೆಂದರೇನು ಎಂದು ಕೇಳಿದ. ಮಲ್ಲಯ್ಯ ಜನರನ್ನು ನೋಡುತ್ತಾ ಬಂದರು. ಹಿಂದಿನ ಸಾಲು, ನಡುವಿನ ಸಾಲು, ಮೇಷ್ಟ್ರು, ಆಮೇಲೆ ನಾನು. ನನ್ನ ಮೇಲೆ ಕಣ್ಣು ನಿಂತಿತು. ಎಷ್ಟು ಹೊತ್ತು ನಿಂತರೆಂದರೆ ಅವರಿಗೆ ಉತ್ತರ ಹೊಳೆಯಲಿಲ್ಲ ಎಂದೇ ನಾನು ತಿಳಿದೆ.

"ಅರ್ಥ ಒಂದಿತ್ತು ಭಾಗವತರೆ. ಭಾಳ ವರ್ಷದ ಹಿಂದೆ ಒಬ್ರು ಅಮ್ಮೋರು ಬಸ್ ಹತ್ಕೊಂಡು ಬಂದು ಈಸ್ಕೊಂಡು ಹೋದ್ರು. ಪುಸ್ತಕದೊಳಗೆ ಮಡಗಿ ಬೀಗ ಹಾಕಿದ್ರು. ಮೊನ್ನೆ ಪಾಪ ವಾಪಸ್ ತಂದ್ಕೊಟ್ರು."

"ಆಮೇಲೆ?" ಎಂದ ಲೋಕೇಶ.

"ಬಿಚ್ಚಿ ನೋಡ್ತೀನಿ, ಖಾಲಿ."

ಬಯಲು ಬಯಲೇ ನಕ್ಕಿತು. ಮೇಷ್ಟ್ರು ತೊಡೆ ತಟ್ಟಿಕೊಂಡು ನಕ್ಕರು. ನಾನೂ ನಕ್ಕೆ, ನಗುತ್ತಾ ಅತ್ತೆ. ಮಲ್ಲಯ್ಯ ಆಗಲೇ ನನ್ನನ್ನು ಬಿಟ್ಟು ಭಾಗವತರ ಮೇಲೆ ಬಿದ್ದಿದ್ದರು. ಒಂಬತ್ತು ವರ್ಷದ ಮಾತು ಒಳಗೇ ಉಳಿದಿತ್ತಲ್ಲ, ಅರ್ಧ ಗಂಟೆಯಾದರೂ ರಾಜನ ವೇಷದವನಿಗೆ ಒಳಗೆ ಬರಲು ಬಿಡಲಿಲ್ಲ.

ಹೊಸ ಆವೃತ್ತಿಗಾಗಿ ಕಚೇರಿಗೆ ಒಂದು ಚೀಟಿ ಕಳಿಸಿದ್ದೇನೆ. ಕೈಬರಹದ್ದು, ಹಳೆಯ ಆರು ಕಾಲಮ್ಮಿನದ್ದು. ಪದ, ಕೋಡಂಗಿ. ಅರ್ಥ, ಬಯಲಾಟದ ಹಾಸ್ಯದ ವೇಷ. ಹೇಳಿದವರು, ಮಲ್ಲಯ್ಯ. ಅವರ ಊರನ್ನೂ ನನ್ನ ಹೆಸರನ್ನೂ ಬರೆದಿದ್ದೇನೆ. ನಿಮ್ಮ ಮೂವರ ಮೇಲೂ ನನಗೆ ಅನುಮಾನ ಇದೆ, ಕಂಪ್ಯೂಟರಿಗೆ ಏರಿಸುವಾಗ ಕೈ ತಡೆಯಲಾರಿರಿ ಅಂತ. ಅದಕ್ಕೇ ಹೇಳುತ್ತಿದ್ದೇನೆ. ಹೆಸರಿನ ಮೂಲ ಎಂಬ ಜಾಗ ನಾನು ಮರೆತು ಬಿಟ್ಟದ್ದಲ್ಲ. ಅದನ್ನು ತುಂಬಬೇಡಿ.